ಗ್ವಾದಲಿಯ ಮುಂದಿನ ಕುಂಟೆತ್ತು

ಕಳೆದ ಡಿಸೆಂಬರ್ ತಿಂಗಳ ನಡುವಿನಲ್ಲಿ ನನಗೊಂದು ವಿಚಿತ್ರವಾದ ಕರೆ ಬಂದಿತು. ನನ್ನ ಮಗಳು ಓದುತ್ತಿರುವ ಶಾಲೆಯವರು, ಕ್ರಿಸ್ಮಸ್ ರಜೆಯ ಹಿಂದಿನ ದಿನ ಮಕ್ಕಳಿಗೆ ಉಡುಗೊರೆ ಹಂಚಲು ನಾನು ಸಾಂತಾ ಕ್ಲಾಸನ ವೇಷ ಹಾಕಬೇಕೆಂದು ಕೇಳಿಕೊಂಡರು. ಉಡುಗೊರೆಗಳನ್ನು ಅವರವರ ತಂದೆತಾಯಿಗಳೇ ಕೊಂಡು, ಮೇಲೆ ಹೆಸರು ಬರೆದು, ಮಕ್ಕಳಿಗೆ ತಿಳಿಯದಂತೆ ಶಾಲೆಗೆ ಮುಟ್ಟಿಸತಕ್ಕದ್ದು. ಅವನ್ನು ಕೆಂಪು ಚೀಲದಲ್ಲಿ ತುಂಬಿಕೊಂಡು ಬಂದು ಹಂಚುವುದಷ್ಟೇ ನನ್ನ ಪಾಲಿನ ಕೆಲಸ. ಈ ಗೌರವ ನನಗೇ ಏಕೆಂದು ವಿಚಾರಿಸಲಾಗಿ, ಹೊಟ್ಟೆಯುಳ್ಳ ಪಾಲಕರಲ್ಲಿ ಹಗಲು ಹೊತ್ತು ಬಿಡುವಿರುವವರು ಕಾಲೇಜಿನ ಕನ್ನಡ ಮಾಸ್ತರರೊಬ್ಬರೇ ಎಂಬ ಉತ್ತರ ದೊರೆಯಿತು.

ಒಪ್ಪಿಕೊಳ್ಳುವ ಮುನ್ನ ಎರಡು ದಿನ ಹಿಂದೆಮುಂದೆ ನೋಡಿದೆ. ಮುಂಜಾನೆ ಪದವಿ ತರಗತಿಯಲ್ಲಿ ಪಂಪನನ್ನು ಪಾಠ ಹೇಳುವವನು ಮಧ್ಯಾಹ್ನ ಹತ್ತಿಯ ಗಡ್ಡ ಅಂಟಿಸಿಕೊಂಡು ನಿಲ್ಲುವುದು ಅಷ್ಟೇನೂ ಶೋಭಿಸುವುದಿಲ್ಲವೆಂದು ಮಿತ್ರರೊಬ್ಬರು ಎಚ್ಚರಿಸಿದರು. ಅದು ನಮ್ಮ ಹಬ್ಬವಲ್ಲವಲ್ಲ ಎಂದರು ಇನ್ನೊಬ್ಬರು. ಮೊದಲನೆಯವರ ಮಾತು ಸರಿಯೇ ಇರಬಹುದು. ಎರಡನೆಯವರಿಗೆ ನಾನು ಅಂದು ಉತ್ತರ ಕೊಡಲಿಲ್ಲ. ಕೊಡಬೇಕಾದರೆ ಒಂದು ಮಣ್ಣೆತ್ತಿನ ಕತೆಯನ್ನು ಮೊದಲಿನಿಂದ ಹೇಳಬೇಕಾಗುತ್ತಿತ್ತು. ಅದನ್ನು ಇಲ್ಲಿ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದ ಊರು ತೇರದಾಳ. ಹನ್ನೆರಡನೆಯ ಶತಮಾನದಲ್ಲಿ ಗೊಂಕನೆಂಬ ಮಾಂಡಲಿಕನು ಕಟ್ಟಿಸಿದ ನೇಮಿನಾಥ ಬಸದಿಯಿಂದ ಇತಿಹಾಸದ ವಿದ್ಯಾರ್ಥಿಗಳೂ, ಪ್ರಭುದೇವರ ಗುಡಿಯಿಂದ ಭಕ್ತರೂ ಈ ಊರನ್ನು ಬಲ್ಲರು. ೧೯೪೮ರವರೆಗೆ ಇದು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಂದ ಮುಂಬಯಿ ಪ್ರಾಂತ, ೧೯೫೬ರಲ್ಲಿ ಮೈಸೂರು ರಾಜ್ಯ, ೧೯೯೭ರಲ್ಲಿ ವಿಜಾಪುರದಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆ—ಹೀಗೆ ಊರು ಇದ್ದಲ್ಲಿಯೇ ಇದ್ದು ವಿಳಾಸ ಮಾತ್ರ ಬದಲಾಗುತ್ತ ಬಂದಿತು. ಅಜ್ಜಿಯನ್ನು ‘ಆಯಿ’ ಎಂದೂ ಅಜ್ಜನನ್ನು ‘ಮುತ್ಯಾ’ ಎಂದೂ ಕರೆಯುವ ನಾಡು ನಮ್ಮದು. ರಬಕವಿ-ಬನಹಟ್ಟಿಗಳಂತೆ ನಮ್ಮೂರಲ್ಲಿಯೂ ನೇಕಾರಿಕೆ ಇದೆ. ನನ್ನ ತಂದೆ ಮಾಲಕರೊಬ್ಬರ ಪವರ್‌ಲೂಮಿನ ಮೇಲೆ ಸೀರೆ ನೇಯುತ್ತಿದ್ದರು. ತಾಯಿ ಮನೆಯಲ್ಲಿ ರಾಟಿಯ ಮುಂದೆ ಕುಳಿತು ಲಾಳಿಗೆ ಬೇಕಾದ ಕಂಡಿಕೆಗಳನ್ನು ಸುತ್ತುತ್ತಿದ್ದಳು. ವರ್ಷಾನುಗಟ್ಟಲೆ ನೂಲು ಹರಿದು ಹರಿದು ಅವಳ ಬಲಗೈ ಹೆಬ್ಬೆರಳಿನ ಮೇಲೆ ಅಡ್ಡವಾಗಿ ಒಂದು ಗೆರೆ ಕೊರೆದಂತೆ ಬಿದ್ದಿತ್ತು. ಈ ಗೆರೆಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

ನಾವು ಹೊಲಮನೆಯವರಲ್ಲ. ಆದರೂ ಒಕ್ಕಲುತನದ ಹಬ್ಬಗಳಲ್ಲಿ ಒಂದನ್ನೂ ಬಿಟ್ಟವರಲ್ಲ. ನಮ್ಮ ಮಟ್ಟಿಗೆ ಪಂಚಾಂಗವೆಂದರೆ ಆಟಿಗೆಗಳ ಪಂಚಾಂಗವಾಗಿತ್ತು. ಜ್ಯೇಷ್ಠದ ಕಾರಹುಣ್ಣಿಮೆಯ ದಿನ ಒಕ್ಕಲಿಗರು ತಮ್ಮ ಜೀವಂತ ಎತ್ತುಗಳಿಗೆ ಬಣ್ಣ ಬಳಿದು, ಕೊಂಬಿಗೆ ಗೊಂಡೆ ಕಟ್ಟಿ, ಸಂಜೆಗೆ ಕರಿ ಹರಿಯುವರು. ಎತ್ತಿಲ್ಲದ ನಾವು ಗೋಡೆಗೊರಗಿ ನಿಂತು ನೋಡುವೆವು. ಅಲ್ಲಿಂದ ಹದಿನೈದು ದಿನಕ್ಕೆ ನಮ್ಮ ಸರದಿ: ಮಣ್ಣೆತ್ತಿನ ಅಮಾವಾಸ್ಯೆ. ಅಂದು ಒಕ್ಕಲಿಗನೂ ನೇಕಾರನೂ ಒಂದೇ. ಎಲ್ಲರ ಜಗಲಿಯ ಮೇಲೂ ಮಣ್ಣಿನ ಜೋಡೆತ್ತು, ಅವುಗಳ ಮುಂದೆ ಮೇವು ಹಾಕುವ ಮಣ್ಣಿನ ಗ್ವಾದಲಿ. ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳ ಗುಳ್ಳವ್ವ. ಅಕ್ಕ ಮಣ್ಣು ಕಲಸಿ ಗುಳ್ಳವ್ವನನ್ನು ಮಾಡಿ, ಕುಸುಬಿಯ ಕಾಳು, ಗುಲಗಂಜಿಗಳನ್ನು ಒತ್ತಿ ಸಿಂಗರಿಸುವಾಗ ನಾನು ಹತ್ತಿರ ಹೋಗಕೂಡದು. ಶ್ರಾವಣದ ಪಂಚಮಿಗೆ ನಾಗಪ್ಪ. ಭಾದ್ರಪದಕ್ಕೆ ಗಣಪತಿ, ಅವನ ಬೆನ್ನಿಗೆ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಜೋಕುಮಾರ. ಬಿತ್ತನೆಯ ಹಂಗಾಮಿನಿಂದ ಮೊದಲ್ಗೊಂಡು ಪೈರು ಮೇಲೇಳುವವರೆಗೆ ಮಣ್ಣೇ ಬೇರೆ ಬೇರೆ ರೂಪ ತಾಳಿ ಮನೆಗೆ ಬಂದು ಹೋಗುತ್ತಿತ್ತು.

ಮಣ್ಣಿನವಲ್ಲದ ಆಟಿಗೆಗಳೂ ಇದ್ದವು. ಪಂಚಮಿಗೆ ಜೋಕಾಲಿ, ನಾಲ್ಕಾರು ಬಗೆಯ ಉಂಡಿ. ಅವೆಲ್ಲಕ್ಕಿಂತ ಹೆಚ್ಚಾಗಿ ಒಣಕೊಬ್ಬರಿಯ ಬಟ್ಟಲಿಗೆ ತೂತು ಕೊರೆದು ದಾರ ಪೋಣಿಸಿ ಗಿರ್ರನೆ ತಿರುಗಿಸುವ ಆಟ. ಆಡುತ್ತ ಆಡುತ್ತ ಅಂಚು ಕಡಿಯುತ್ತಿದ್ದೆವಾಗಿ ಸಂಜೆಯ ಹೊತ್ತಿಗೆ ಕೈಯಲ್ಲಿ ದಾರ ಮಾತ್ರ ಉಳಿಯುತ್ತಿತ್ತು. ಕಾರ್ತಿಕದ ಗೌರಿ ಹುಣ್ಣಿಮೆಗೆ ಸಕ್ಕರೆಯ ಆರತಿ: ಕಟ್ಟಿಗೆಯ ಅಚ್ಚಿನಲ್ಲಿ ಸಕ್ಕರೆ ಪಾಕ ಹೊಯ್ದು ತೆಗೆದ ಆನೆ, ಕುದುರೆ, ನವಿಲು, ತೇರು. ಅಕ್ಕನ ತಟ್ಟೆಯ ಆನೆ ಆರತಿ ಮುಗಿದು ಮನೆಗೆ ಬರುವಷ್ಟರಲ್ಲಿ ಸೊಂಡಿಲು ಕಳೆದುಕೊಂಡಿರುತ್ತಿತ್ತು; ಕಳ್ಳ ಯಾರೆಂದು ಹೇಳಬೇಕಾಗಿಲ್ಲ. ಜಾತ್ರೆಗೆ ಬರುತ್ತಿದ್ದ ಗೋಕಾವಿಯ ಬಣ್ಣದ ಹಣ್ಣುಗಳು ಬಾಳಿಕೆ ಬರುವಂಥವು, ಆದರೆ ಬೆಲೆಯುಳ್ಳವು. ಅವನ್ನು ನಾವು ಕಣ್ಣಿನಿಂದಲೇ ಕೊಳ್ಳುತ್ತಿದ್ದೆವು. ಮುರಿದ ಕಂಡಿಕೆಗಳಿಂದ ಅಪ್ಪ ಮಾಡಿಕೊಡುತ್ತಿದ್ದ ಬಂಡಿಯೊಂದನ್ನು ಬಿಟ್ಟರೆ ನಮ್ಮ ಯಾವ ಆಟಿಗೆಯೂ ವಾರಕ್ಕಿಂತ ಹೆಚ್ಚು ಬದುಕಿದ್ದು ನನಗೆ ನೆನಪಿಲ್ಲ. ತಿನ್ನುವುದನ್ನು ತಿಂದೆವು, ಮಣ್ಣಿನದನ್ನು ನೀರಿಗೆ ಬಿಟ್ಟೆವು. ಅದೇ ನಿಯಮ, ಮತ್ತು ಅದನ್ನು ಮೀರುವುದು ದೋಷ.

ಮಣ್ಣೆತ್ತುಗಳನ್ನು ತರುತ್ತಿದ್ದವನು ಕುಂಬಾರ ಮುತ್ಯಾ. ಅಮಾವಾಸ್ಯೆಯ ಹಿಂದಿನ ದಿನ ಬುಟ್ಟಿಯ ತುಂಬ ಎತ್ತುಗಳನ್ನು ಹೊತ್ತು ಅವನು ಓಣಿಯ ಬಾಯಿಗೆ ಬಂದನೆಂದರೆ ಹುಡುಗರ ದಂಡು ಹಿಂದೆಯೇ ಹೊರಡುತ್ತಿತ್ತು. ಒಕ್ಕಲು ಮನೆಗಳಲ್ಲಿ ಅವನಿಗೆ ಸೇರಿನಿಂದ ಜೋಳ ಅಳೆದು ಹಾಕುವರು. ನಮ್ಮಂಥ ಮನೆಗಳಲ್ಲಿ ಚಿಲ್ಲರೆ ರೊಕ್ಕ. ಅವನು ಎತ್ತುಗಳನ್ನು ಆರಿಸಿಕೊಳ್ಳಲು ಬಿಡುತ್ತಿರಲಿಲ್ಲ. ಕೈಗೆ ಬಂದ ಜೋಡಿಯನ್ನು ತೆಗೆದು ಹೊಸ್ತಿಲ ಮೇಲಿಟ್ಟು, ನಮ್ಮ ಮುಖವನ್ನು ಕೂಡ ನೋಡದೆ ಮುಂದಿನ ಮನೆಗೆ ಹೋಗುವನು.

೧೯೮೯ರಲ್ಲಿ ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ಆ ಬೇಸಗೆಯಲ್ಲಿ ಅಪ್ಪನಿಗೆ ಕಾಮಾಲೆಯಾಗಿ ಎರಡು ತಿಂಗಳು ಮಗ್ಗದ ಮುಖ ನೋಡಿರಲಿಲ್ಲ. ಕೊಡಬೇಕಾದ ಹಿಂದಿನ ಬಟವಾಡೆಯನ್ನು ಮಾಲಕರು ಇಂದು ನಾಳೆ ಎನ್ನುತ್ತಿದ್ದರು. ಇವೆಲ್ಲ ನನಗೆ ಆಮೇಲೆ ತಿಳಿದ ಸಂಗತಿಗಳು. ಅಂದು ನನಗೆ ಗೊತ್ತಿದ್ದದ್ದು ಇಷ್ಟೇ: ಕುಂಬಾರ ಮುತ್ಯಾ ನಮ್ಮ ಬಾಗಿಲಿಗೆ ಬಂದು ಬುಟ್ಟಿ ಇಳಿಸುವಷ್ಟರಲ್ಲಿ ಅವ್ವ ಒಳಗಿನಿಂದ ಬಂದು, “ಈ ಸಲ ಬ್ಯಾಡೋ ಯಪ್ಪಾ, ಮುಂದಕ್ಕ ಹೋಗು” ಎಂದಳು. ಅವನು ಒಂದು ಗಳಿಗೆ ನಿಂತು, “ರೊಕ್ಕ ಆಮ್ಯಾಲ ಕೊಡವ್ವ” ಎಂದ. ಅವ್ವ ಬೇಡವೆಂಬಂತೆ ಕೈಯಾಡಿಸಿದಳು. ಸಾಲ ಮಾಡಿ ತಂದ ಬಸವಣ್ಣನನ್ನು ಪೂಜೆ ಮಾಡಬಾರದೆಂಬುದು ಅವಳ ನಂಬಿಕೆಯೋ, ಇದ್ದ ಸಾಲವೇ ಸಾಕೆಂಬ ಲೆಕ್ಕವೋ ನಾನರಿಯೆ. ಅಂದು ರಾತ್ರಿ ನಾನು ಉಣ್ಣದೆ ಅತ್ತು ಮಲಗಿದೆ.

ಬೆಳಗಾಗೆದ್ದು ನೋಡಿದರೆ ದೇವರ ಜಗಲಿಯ ಮೇಲೆ ಜೋಡೆತ್ತು ನಿಂತಿವೆ! ಮುಂದೆ ಗ್ವಾದಲಿ, ಅದರಲ್ಲಿ ನಾಲ್ಕು ಕಾಳು ಜೋಳ. ಕಣ್ಣಿದ್ದಲ್ಲಿ ಎರಡೆರಡು ಜೋಳದ ಕಾಳು, ಮೈಮೇಲೆ ಸುಣ್ಣದ ಚುಕ್ಕಿ. ಬೆನ್ನಿನ ಮೇಲೆ ಓಣಿಯಲ್ಲಿ ಯಾರ ಎತ್ತಿಗೂ ಇಲ್ಲದ ಝೂಲ. ಮಗ್ಗದಲ್ಲಿ ಕತ್ತರಿಸಿ ಉಳಿದ ರೇಶಿಮೆಯ ಚೂರು ಅದು, ನೇರಳೆ ಬಣ್ಣದ್ದು. ನಾನು ಕೂಗಿಕೊಂಡೆ. ಅವ್ವ ರಾಟಿಯ ಮುಂದಿನಿಂದ ಏಳದೆಯೇ ಹೇಳಿದಳು: “ಕುಂಬಾರ ಮುತ್ಯಾ ರಾತ್ರಿ ಬಂದು ಇಟ್ಟು ಹೋಗ್ಯಾನ. ನೀನು ಅತ್ತಿದ್ದು ಅವಗ ಕೇಳಿಸೇತಿ.”

ಮಧ್ಯಾಹ್ನದವರೆಗೆ ನಾನಿದನ್ನು ಸಂಪೂರ್ಣವಾಗಿ ನಂಬಿದ್ದೆ. ಆ ಅರ್ಧ ದಿನದ ಸುಖವನ್ನು ಈಗ ಯಾರು ಕೊಟ್ಟಾರು? ಊರೆಲ್ಲ ಮಲಗಿರುವಾಗ ಆ ಮುದುಕ ಬುಟ್ಟಿ ಹೊತ್ತು ನಮ್ಮ ಒಂದು ಮನೆಯ ಬಾಗಿಲಿಗೆ ಬಂದನೆಂಬುದು ನನಗೆ ಎತ್ತುಗಳಿಗಿಂತ ದೊಡ್ಡ ಸಂಗತಿಯಾಗಿ ಕಂಡಿತು. ಮಧ್ಯಾಹ್ನ ಪೂಜೆಯಾದ ಮೇಲೆ ಎಡಗಡೆಯ ಎತ್ತನ್ನು ಕೈಗೆ ತೆಗೆದುಕೊಂಡೆ. ಅದರ ಹಿಂಗಾಲೊಂದು ಗಿಡ್ಡ, ನೆಲಕ್ಕಿಟ್ಟರೆ ವಾಲುತ್ತಿತ್ತು. ಕುಂಬಾರನ ಕೈಯಿಂದ ಅಂಥ ಎತ್ತು ಬರಲಾರದು. ತಿರುಗಿಸಿ ನೋಡಿದೆ. ಡುಬ್ಬವನ್ನು ಒತ್ತಿ ಎತ್ತರಿಸಿದ ಜಾಗದಲ್ಲಿ ಒಂದು ಹೆಬ್ಬೆರಳಿನ ಗುರುತು, ಅದರ ನಡುವೆ ಅಡ್ಡವಾಗಿ ಒಂದು ಗೆರೆ. ತಲೆಯೆತ್ತಿ ಅವ್ವನನ್ನು ನೋಡಿದೆ. ರಾಟಿ ತಿರುಗಿಸುತ್ತಿದ್ದ ಕೈಯ ಬಳೆಗಳ ಸಂದಿಯಲ್ಲಿ ಎರೆಮಣ್ಣು ಇನ್ನೂ ಒಣಗಿ ಕುಳಿತಿತ್ತು.

ಓಡಿ ಹೋಗಿ ಅಕ್ಕನಿಗೆ ಹೇಳಿದೆ. ಅವಳು ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನಗುವಳೆಂದುಕೊಂಡಿದ್ದೆ, ನಗಲಿಲ್ಲ. “ನನಗ ಗೊತ್ತೈತಿ. ನಿನ್ನಿ ಸಂಜಿಕ ಹಳ್ಳದ ದಂಡಿಗೆ ಹೋಗಿ ಮಣ್ಣ ತಂದಾಳ. ಅವ್ವನ ಮುಂದ ಹೇಳಬ್ಯಾಡ ತಮ್ಮಾ” ಎಂದಳು. “ಯಾಕ?” ಎಂದೆ. ಅಕ್ಕ ಬಹಳ ಹೊತ್ತು ಯೋಚಿಸಿ, “ಆಕಿಗೆ ಕೆಟ್ಟ ಅನಸ್ತೈತಿ” ಎಂದಳು.

ಮಕ್ಕಳು ನಂಬಲೆಂದು ಹಿರಿಯರು ಒಂದು ಗುಟ್ಟನ್ನು ಕಾಯುತ್ತಾರೆ. ಇದನ್ನು ಎಲ್ಲರೂ ಬಲ್ಲರು. ಮಕ್ಕಳು ನಂಬಿದ್ದಾರೆಂದು ಹಿರಿಯರು ನಂಬಲಿ ಎಂದು ಮಕ್ಕಳು ಅದೇ ಗುಟ್ಟನ್ನು ಇನ್ನೊಂದು ಕಡೆಯಿಂದ ಕಾಯುತ್ತಾರೆಂಬುದು ನನಗೆ ಅಂದು ತಿಳಿಯಿತು. ನನ್ನ ಅಕ್ಕನಿಗೆ ಆಗ ಹದಿಮೂರು ವರ್ಷ.

ಅಮಾವಾಸ್ಯೆಯ ಮರುದಿನ ಹುಡುಗರದೊಂದು ಆಚಾರವಿದೆ. ಹಿಂದಿನ ದಿನ ಪೂಜೆಗೊಂಡ ಎತ್ತುಗಳಲ್ಲಿ ಒಂದರ ಕಾಲು ಮುರಿದು, ಅದನ್ನು ಹಲಗೆಯ ಮೇಲಿಟ್ಟುಕೊಂಡು, ನಮ್ಮ ಎತ್ತು ಕುಂಟಾಗಿದೆ, ಜೋಳ ನೀಡಿರೆಂದು ರಾಗವಾಗಿ ಹಾಡುತ್ತ ಮನೆಮನೆಗೆ ಹೋಗಿ ಬೇಡುವುದು. ಬಂದ ಜೋಳವನ್ನು ಅಂಗಡಿಯಲ್ಲಿ ಕೊಟ್ಟು ಚುರಮುರಿ ಬೆಲ್ಲ ಕೊಂಡು ತಿಂದು, ಸಂಜೆ ಎತ್ತುಗಳನ್ನು ಹಳ್ಳದ ನೀರಿಗೆ ಬಿಡುವುದು. ಪ್ರತಿ ವರ್ಷ ಯಾರ ಎತ್ತಿನ ಕಾಲು ಮುರಿಯಬೇಕೆಂಬುದಕ್ಕೆ ದೊಡ್ಡ ಜಗಳ. ಆ ವರ್ಷ ಜಗಳವಾಗಲಿಲ್ಲ; ನನ್ನ ಎತ್ತು ಹುಟ್ಟಿದ್ದೇ ಕುಂಟಾಗಿ! ಹುಡುಗರೆಲ್ಲ ಮೆಚ್ಚಿಕೊಂಡರು. ನೇರಳೆ ಝೂಲ ಹೊದ್ದ ಅದನ್ನು ಹಲಗೆಯ ಮೇಲಿಟ್ಟು ಮುಂದೆ ನಡೆಯುವ ಅಧಿಕಾರ ನನ್ನದಾಯಿತು. ಕುಂಬಾರ ಓಣಿಗೂ ಹೋದೆವು. ಕುಂಬಾರ ಮುತ್ಯಾ ಕಟ್ಟೆಯ ಮೇಲೆ ಕುಳಿತಿದ್ದ. ಎತ್ತನ್ನು ಕೈಗೆ ತೆಗೆದುಕೊಂಡು, ಹೊರಳಿಸಿ, ಡುಬ್ಬವನ್ನು ನೋಡಿ, “ಇದು ಯಾರು ಮಾಡಿದ್ದಲೇ?” ಎಂದ. ನಾನು, “ನೀನ ಮುತ್ಯಾ, ರಾತ್ರಿ ತಂದು ಇಟ್ಟೀಯಲ್ಲ” ಎಂದೆ. ಅವನು ನನ್ನ ಮುಖವನ್ನು ನೋಡಿದ. ಆ ವರ್ಷಗಳಲ್ಲಿ ಅವನು ನನ್ನ ಮುಖ ನೋಡಿದ್ದು ಅದೊಂದೇ ಸಲ. “ಹೌದೌದು, ಮರತಿದ್ದೆ” ಎಂದು ಒಳಗೆ ಹೋಗಿ ಎರಡು ಬೊಗಸೆ ಜೋಳ ತಂದು ಹಾಕಿದ.

ಸಂಜೆ ಹಳ್ಳದಲ್ಲಿ ನಾನು ಮೋಸ ಮಾಡಿದೆ. ಬಲಗಡೆಯ ಎತ್ತನ್ನೂ ಗ್ವಾದಲಿಯನ್ನೂ ನೀರಿಗೆ ಬಿಟ್ಟೆ. ಕುಂಟೆತ್ತನ್ನು ಅಂಗಿಯೊಳಗಿಟ್ಟುಕೊಂಡು ಅದರ ಬದಲು ಒಂದು ಹೆಂಟೆಯನ್ನು ಎಸೆದೆ. ಮನೆಗೆ ಬಂದು ಅಟ್ಟದ ಮೇಲೆ ಮುರುಕು ಕಂಡಿಕೆಗಳ ಬುಟ್ಟಿಯಲ್ಲಿ ಹುಗಿದಿಟ್ಟೆ. ಪೂಜೆಗೊಂಡದ್ದನ್ನು ನೀರಿಗೆ ಬಿಡದಿದ್ದರೆ ಮನೆಗೆ ಕೇಡೆಂದು ಆಯಿ ಹೇಳುತ್ತಿದ್ದುದು ಗೊತ್ತಿತ್ತು. ಆ ಮಳೆಗಾಲವಿಡೀ ಅಪ್ಪ ಕೆಮ್ಮಿದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮೂರು ಸಲ ಅದನ್ನು ಹಳ್ಳಕ್ಕೆ ಒಯ್ಯಲು ಹೊರಟೆ. ಪ್ರತಿ ಸಲವೂ ಡುಬ್ಬದ ಮೇಲಿನ ಗೆರೆ ನೋಡಿ ತಿರುಗಿ ತಂದಿಟ್ಟೆ.

ಇನ್ನು ಕ್ರಿಸ್ಮಸ್ಸಿನ ಮಾತಿಗೆ ಬರುತ್ತೇನೆ. ಆ ವರ್ಷ ದಸರೆಯ ಸುಮಾರಿಗೆ ನಮ್ಮ ಪಕ್ಕದ ಬಾಡಿಗೆಯ ಮನೆಗೆ ಸರಕಾರಿ ದವಾಖಾನೆಯ ನರ್ಸಬಾಯಿಯೊಬ್ಬರು ಬಂದರು. ಬೆಟಗೇರಿಯ ಕಡೆಯವರು, ಕ್ರೈಸ್ತರು. ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದು, ಕೆಲವೇ ವರ್ಷಗಳಲ್ಲಿ ಘಟ್ಟದ ಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಯೂರಿದರು. ನಮ್ಮ ಜಿಲ್ಲೆಯ ಗುಳೇದಗುಡ್ಡದಲ್ಲಿಯೂ ಅವರ ಕೇಂದ್ರವಿತ್ತು. ಕಿಟೆಲ್ಲರ ನಿಘಂಟನ್ನು ಬಳಸುವ ಕನ್ನಡ ವಿದ್ಯಾರ್ಥಿಗಳಿಗೆ ಆ ಮಿಶನ್ನಿನ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ. ಆದರೆ ತೇರದಾಳದ ನಮ್ಮ ಓಣಿಗೆ ಕ್ರಿಸ್ಮಸ್ ಬಂದದ್ದು ಆ ನರ್ಸಬಾಯಿಯವರ ಕಬ್ಬಿಣದ ಟ್ರಂಕಿನಲ್ಲಿ, ಅದೇ ಮೊದಲ ಸಲ.

ಡಿಸೆಂಬರ್ ಇಪ್ಪತ್ತರ ಸುಮಾರಿಗೆ ಅವರು ಆ ಟ್ರಂಕಿನಿಂದ ಹಳೆಯ ಸೀರೆಯ ಚೂರುಗಳಲ್ಲಿ ಸುತ್ತಿಟ್ಟ ಗೊಂಬೆಗಳನ್ನು ಒಂದೊಂದಾಗಿ ತೆಗೆದರು. ಗೋಡೆಯ ಮೂಲೆಯಲ್ಲಿ ಕಣಿಕೆಯ ಚಪ್ಪರ ಹಾಕಿ ಅದರಡಿಯಲ್ಲಿ ನಿಲ್ಲಿಸಿದರು. ಮರಿಯಳು, ಯೋಸೇಫ, ಒಬ್ಬ ಕುರುಬ, ಎರಡು ಕುರಿ. ನಡುವೆ ಹುಲ್ಲು ಹಾಸಿದ ಸಣ್ಣದೊಂದು ಪೆಟ್ಟಿಗೆ. ಅದರಲ್ಲಿ ಕೂಸು. ಓಣಿಯ ಮಕ್ಕಳೆಲ್ಲ ಸುತ್ತ ಕುಳಿತಿದ್ದೆವು. ನಾನು ಆ ಪೆಟ್ಟಿಗೆಯನ್ನು ತೋರಿಸಿ, “ಇದೇನ್ರಿ ಸಿಸ್ಟರ್?” ಎಂದೆ.

“ಇದು ಗೋದಲಿ. ಕೂಸು ಹುಟ್ಟಿದಾಗ ಮಲಗಸಾಕ ಬ್ಯಾರೆ ಜಾಗ ಇರಲಿಲ್ಲ, ಗೋದಲ್ಯಾಗ ಮಲಗಿಸಿದರು” ಎಂದರು.

ಗ್ವಾದಲಿ! ನನ್ನ ಕಿವಿಯನ್ನು ನಾನೇ ನಂಬದಾದೆ. ನಮ್ಮ ಕಡೆ ಗೋಡೆ ಗ್ವಾಡಿಯಾಗುವುದು, ಜೋಳ ಜ್ವಾಳವಾಗುವುದು, ಗೋದಲಿ ಗ್ವಾದಲಿಯಾಗುವುದು ಸಹಜ. ಲೂಕನ ಸುವಾರ್ತೆಯ ಕನ್ನಡ ಅನುವಾದದಲ್ಲಿ ಕೂಸನ್ನು ಮಲಗಿಸಿದ ಜಾಗಕ್ಕೆ ಇದೇ ಶಬ್ದವಿದೆ; ಕನ್ನಡದ ಕ್ರೈಸ್ತರು ಹಬ್ಬದ ಈ ಬೊಂಬೆಮನೆಯನ್ನೇ ಗೋದಲಿ ಎಂದು ಕರೆಯುತ್ತಾರೆ. ಈ ಶಬ್ದದ ವ್ಯುತ್ಪತ್ತಿಯನ್ನು ಕೆದಕುವ ಆಸೆ ವೃತ್ತಿಯಿಂದ ಬಂದದ್ದು, ಅದನ್ನಿಲ್ಲಿ ತಡೆದುಕೊಳ್ಳುತ್ತೇನೆ. ಒಂಬತ್ತು ವರ್ಷದ ಹುಡುಗನಿಗೆ ಅಂದು ಹೊಳೆದದ್ದು ಒಂದೇ ಮಾತು: ಗ್ವಾದಲಿ ಇದ್ದಲ್ಲಿ ಎತ್ತು ಇರಬೇಕು.

“ಎತ್ತು ಎಲ್ಲೈತ್ರಿ?” ಎಂದು ಕೇಳಿದೆ.

ನರ್ಸಬಾಯಿಯವರು ನಕ್ಕರು. ಎತ್ತು ಇತ್ತಂತೆ, ಹಿಂದಿನ ಊರಿನಿಂದ ಸಾಮಾನು ತರುವಾಗ ಒಡೆದುಹೋಯಿತಂತೆ. ಹೊಸದು ತರಬೇಕಾದರೆ ಹುಬ್ಬಳ್ಳಿಗೆ ಹೋಗಬೇಕು.

ಲೂಕನ ಸುವಾರ್ತೆಯ ಜನನದ ಪ್ರಸಂಗದಲ್ಲಿ ಎತ್ತಿನ ಮಾತೇ ಇಲ್ಲವೆಂಬುದು ನನಗೆ ತಿಳಿದದ್ದು ಎಂ.ಎ. ಓದುವಾಗ. ಯೆಶಾಯ ಪ್ರವಾದಿಯ ಗ್ರಂಥದ ಆರಂಭದಲ್ಲಿ, ತನ್ನ ಒಡೆಯನನ್ನು ಗುರುತಿಸುವ ಎತ್ತಿನ ಮತ್ತು ಕತ್ತೆಯ ಪ್ರಸ್ತಾಪವಿದೆ. ಅಲ್ಲಿಂದ ಆ ಎರಡು ಪ್ರಾಣಿಗಳು ಕ್ರೈಸ್ತರ ಚಿತ್ರಗಳಲ್ಲಿ ಗೋದಲಿಯ ಪಕ್ಕಕ್ಕೆ ಬಂದು ನಿಂತುವು. ೧೨೨೩ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸನು ಹುಲ್ಲು ತುಂಬಿದ ಗೋದಲಿಯ ಬಳಿ ಜೀವಂತ ಎತ್ತನ್ನೂ ಕತ್ತೆಯನ್ನೂ ಕಟ್ಟಿಸಿ ಕ್ರಿಸ್ಮಸ್ ಆಚರಿಸಿದನು. ಗೋದಲಿಯನ್ನು ಕಟ್ಟುವ ಸಂಪ್ರದಾಯವನ್ನು ಸಾಮಾನ್ಯವಾಗಿ ಆತನ ಹೆಸರಿಗೇ ಸಲ್ಲಿಸುತ್ತಾರೆ. ಶಾಸ್ತ್ರದಲ್ಲಿ ಇಲ್ಲದ ಎತ್ತನ್ನು ಅಲ್ಲಿಯ ಒಕ್ಕಲು ಮಕ್ಕಳೂ ಬಿಟ್ಟುಕೊಡಲಿಲ್ಲವೆಂದು ನಾನು ತಿಳಿಯುತ್ತೇನೆ.

ನಾನು ಮನೆಗೆ ಓಡಿ ಅಟ್ಟ ಹತ್ತಿ ಕುಂಟೆತ್ತನ್ನು ತಂದೆ. ನರ್ಸಬಾಯಿಯವರು ಅದರ ಧೂಳು ಒರೆಸಿ, ಗಿಡ್ಡ ಕಾಲಿನ ಕೆಳಗೆ ಒಂದು ಹುಣಸೆಬೀಜವಿಟ್ಟು, ಕೂಸಿನ ತಲೆಯ ಹತ್ತಿರ ನಿಲ್ಲಿಸಿದರು. ಗಿಲೀಟಿನ ಮರಿಯಳು, ಬಿಳಿಯ ಕುರಿಗಳು. ನಡುವೆ ನಮ್ಮ ಹಳ್ಳದ ಕರಿ ಎತ್ತು, ನೇರಳೆ ಝೂಲ ಹೊದ್ದು! ಬೇರೆ ಗೊಂಬೆಗಳಿಗಿಂತ ಅದು ಎರಡು ಪಟ್ಟು ದೊಡ್ಡದಾಗಿತ್ತು. ಕೂಸನ್ನು ತಿಂದೀತೋ ಏನೋ ಎಂಬಂತೆ ನಿಂತಿತ್ತು.

ಅಂದು ಅವರು ಕ್ರಿಸ್ಮಸ್ ಮುತ್ಯಾನ ಕತೆಯನ್ನೂ ಹೇಳಿದರು. ನಾಲ್ಕನೆಯ ಶತಮಾನದಲ್ಲಿ, ಇಂದಿನ ತುರ್ಕಿ ದೇಶದ ಮೈರಾ ಎಂಬಲ್ಲಿ ಬಿಷಪ್ಪನಾಗಿದ್ದ ನಿಕೊಲಾಸನ ದಂತಕತೆ ಅದು. ಮೂವರು ಹೆಣ್ಣುಮಕ್ಕಳ ಮದುವೆಗೆ ದಾರಿಯಿಲ್ಲದ ಬಡವನೊಬ್ಬನ ಮನೆಯೊಳಕ್ಕೆ ಆತ ರಾತ್ರಿ ಬಂದು ಚಿನ್ನದ ಗಂಟು ಎಸೆದು ಹೋಗುತ್ತಿದ್ದನಂತೆ. ಕೊನೆಯ ಸಲ ಆ ತಂದೆ ಕಾದು ಕುಳಿತು ಹಿಡಿದುಬಿಟ್ಟ. ಆಗ ನಿಕೊಲಾಸ ಬೇಡಿಕೊಂಡದ್ದು ಒಂದೇ: ಯಾರಿಗೂ ಹೇಳಬೇಡ. ಡಚ್ಚರೊಡನೆ ಈ ಸಂತ ಅಮೆರಿಕೆಗೆ ಹೋದದ್ದು, ೧೮೬೩ರಿಂದಾಚೆ ಥಾಮಸ್ ನ್ಯಾಸ್ಟ್ ಎಂಬ ಚಿತ್ರಕಾರನ ಕೈಯಲ್ಲಿ ಅವನಿಗೆ ಹೊಟ್ಟೆ ಬಂದದ್ದು, ಬರಬರುತ್ತ ಅಂಗಡಿಕಾರರ ಜಾಹೀರಾತಿಗೆ ಇಳಿದದ್ದು ಆಮೇಲಿನ ಮಾತು. ಅದರಲ್ಲಿ ನನಗೆ ಅಷ್ಟಾಗಿ ಆಸಕ್ತಿಯಿಲ್ಲ. ಕತೆ ಮುಗಿದಾಗ ನಾನು ಅಕ್ಕನ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

ಹಬ್ಬದ ಸಂಜೆ ನರ್ಸಬಾಯಿಯವರು ಓಣಿಯ ಹೆಣ್ಣುಮಕ್ಕಳನ್ನು ಕರೆದಿದ್ದರು. ಕೇಕಿನೊಡನೆ ಕರಚಿಕಾಯಿ, ಶಂಕರಪಾಳಿ. ಅವ್ವ ಬರುವಳೆಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ! ಅವಳು ಸೆರಗು ಸರಿಪಡಿಸಿಕೊಂಡು ಒಳಗೆ ಬಂದು, ಗೋದಲಿಯ ಮುಂದೆ ನಿಂತು ಕೈಮುಗಿದು, ಮುಗಿ‌ದ ಕೈಯನ್ನು ಹಾಗೆಯೇ ಹಿಡಿದು ನಿಂತಳು. ನಾನು ಕಂಬದ ಮರೆಗೆ ಸರಿದೆ. ಅವ್ವ ಬಗ್ಗಿ ಎತ್ತನ್ನು ನೋಡಿದಳು, ಝೂಲವನ್ನು ನೋಡಿದಳು. ಬೆರಳು ಚಾಚಿ ಡುಬ್ಬವನ್ನು ಮುಟ್ಟಿದಳು. ನೀರಿಗೆ ಬಿಟ್ಟಿಲ್ಲವೇಕೆಂದು ಎಲ್ಲರೆದುರು ಕೇಳುವಳೆಂದು ನಾನು ಉಸಿರು ಬಿಗಿಹಿಡಿದೆ.

“ಇದರ ಕಾಲು ಕುಂಟ ಐತಲ್ಲ” ಎಂದಳು.

ಯಾರಿಗೆ ಹೇಳಿದಳೋ ತಿಳಿಯಲಿಲ್ಲ. ಉತ್ತರ ನನ್ನ ಬಾಯಿಂದ ಬಂದಿತು: “ಕುಂಬಾರ ಮುತ್ಯಾ ಹಂಗ ಮಾಡ್ಯಾನವ್ವ.”

ಅವ್ವ ತಿರುಗಿ ನೋಡಿದಳು. ನನ್ನನ್ನು ನೋಡಿದಳು, ಅಕ್ಕನನ್ನು ನೋಡಿದಳು. ಅಷ್ಟು ಹೊತ್ತು ಅವಳು ನಮ್ಮನ್ನು ನೋಡಿದ್ದೇ ಅಪರೂಪ. ರಾಟಿಗೆ ಕಣ್ಣು ಕೊಟ್ಟವಳು. ಆಮೇಲೆ ನಿಧಾನವಾಗಿ, “ಹೂಂ. ಪಾಪ, ರಾತ್ರ್ಯಾಗ ಮಾಡಿರಬೇಕು. ಅವಗ ಕಣ್ಣು ಸರಿ ಕಾಣಂಗಿಲ್ಲ” ಎಂದಳು.

ಅಷ್ಟೇ. ಅಂದಿನಿಂದ ಇಂದಿನವರೆಗೆ ಆ ಎತ್ತನ್ನು ಯಾರು ಮಾಡಿದರೆಂಬ ಮಾತನ್ನು ನಾವಿಬ್ಬರೂ ಆಡಿಲ್ಲ.

ಹೊಸ ವರ್ಷದಲ್ಲಿ ಗೊಂಬೆಗಳನ್ನು ಮತ್ತೆ ಟ್ರಂಕಿಗೆ ಇಡುವಾಗ ನರ್ಸಬಾಯಿಯವರು ಎತ್ತನ್ನು ತಂದು ಅವ್ವನ ಮುಂದೆ ಹಿಡಿದರು. “ಇರಲಿ ತಗೋರಿ ಬಾಯಾರ. ನಿಮ್ಮ ದೇವರ ಗ್ವಾದಲಿಗೆ ಬಂದದ್ದನ್ನ ನೀರಿಗೆ ಹ್ಯಾಂಗ ಹಾಕೂದು?” ಎಂದಳು ಅವ್ವ. ಮರುವರ್ಷ ಅವರಿಗೆ ವರ್ಗವಾಯಿತು. ಟ್ರಂಕನ್ನು ಟಾಂಗಾಕ್ಕೆ ಏರಿಸುವಾಗ, ಮೆಲ್ಲಗೆ ಇಡಿರಿ, ಒಳಗೆ ಎತ್ತಿದೆ ಎಂದು ಅವರು ಹಮಾಲನಿಗೆ ಹೇಳಿದ್ದು ಕೇಳಿಸಿತು. ಹಮಾಲ ಗಾಬರಿಯಾಗಿ ಟ್ರಂಕನ್ನು ನೋಡಿದ.

ಕಾಲೇಜಿನಲ್ಲಿ ಪಾಠ ಹೇಳತೊಡಗಿದ ಮೇಲೆ ನ್ಯೂಯಾರ್ಕಿನ ಪತ್ರಿಕೆಯೊಂದರ ಪ್ರಸಿದ್ಧ ಸಂಪಾದಕೀಯವನ್ನು ಓದಿದೆ. ಎಂಟು ವರ್ಷದ ವರ್ಜೀನಿಯಾ ಓ’ಹ್ಯಾನ್‌ಲನ್ ಎಂಬ ಹುಡುಗಿ, ಸಾಂತಾ ಕ್ಲಾಸ್ ನಿಜವಾಗಿ ಇದ್ದಾನೆಯೇ ಎಂದು ‘ದಿ ಸನ್’ ಪತ್ರಿಕೆಗೆ ಬರೆದು ಕೇಳಿದಳು. ೧೮೯೭ರ ಸೆಪ್ಟೆಂಬರ್ ೨೧ರಂದು ಫ್ರಾನ್ಸಿಸ್ ಚರ್ಚ್ ಎಂಬ ಸಂಪಾದಕರು ತಮ್ಮ ಹೆಸರು ಹಾಕದೆ, ಇದ್ದಾನೆಂದು ಉತ್ತರ ಬರೆದರು. ಪ್ರೀತಿ, ಔದಾರ್ಯಗಳು ಇರುವಂತೆಯೇ ಅವನೂ ಇದ್ದಾನೆಂಬುದು ಅವರ ವಾದ. ಆ ಬರೆಹ ಚೆನ್ನಾಗಿದೆ, ಜಗತ್ತೇ ಮೆಚ್ಚಿದೆ. ಆದರೂ ಅಷ್ಟೊಂದು ವಿವರಿಸಬೇಕಾಗಿತ್ತೆ ಎಂಬ ಸಂದೇಹ ನನ್ನನ್ನು ಬಿಟ್ಟಿಲ್ಲ. ವರ್ಜೀನಿಯಾ ಮುಂದೆ ಶಿಕ್ಷಕಿಯಾದಳು. ಅವಳಿಗೆ ನನ್ನ ಅಕ್ಕನಂಥ ಅಕ್ಕನೊಬ್ಬಳು ಇದ್ದಿದ್ದರೆ ಪತ್ರಿಕೆಗೆ ಬರೆಯುತ್ತಲೇ ಇರಲಿಲ್ಲವೇನೋ.

ಹೀಗೆ ಕಳೆದ ಡಿಸೆಂಬರಿನಲ್ಲಿ ನಾನು ಕೆಂಪು ನಿಲುವಂಗಿ ತೊಟ್ಟೆ. ನಮ್ಮ ಬಿಸಿಲಿಗೆ ಹತ್ತಿಯ ಗಡ್ಡದೊಳಗೆ ಬೆವರು ಹರಿಯುತ್ತಿತ್ತು. ಕನ್ನಡಕ ತೆಗೆದಿಟ್ಟದ್ದರಿಂದ ಚೀಟಿಯ ಮೇಲಿನ ಹೆಸರುಗಳು ಕಾಣದೆ ತಡವರಿಸಿದೆ. ನನ್ನ ಮಗಳ ಸರದಿ ಬಂದಿತು. ಅವಳಿಗೂ ಈಗ ಒಂಬತ್ತು. ಕೈಚಾಚಿ ಉಡುಗೊರೆ ತೆಗೆದುಕೊಂಡವಳು ನನ್ನ ಗಡ್ಡವನ್ನಾಗಲಿ ಟೊಪ್ಪಿಗೆಯನ್ನಾಗಲಿ ನೋಡಲಿಲ್ಲ. ನೇರವಾಗಿ ಕಾಲುಗಳನ್ನು ನೋಡಿದಳು. ನಿಲುವಂಗಿಯ ಕೆಳಗೆ ನಾನು ದಿನಾಲು ಮೆಡುವ ಚಪ್ಪಲಿಗಳೇ ಇದ್ದವು. ಅವುಗಳಲ್ಲೊಂದಕ್ಕೆ ಹಿಂದಿನ ವಾರವಷ್ಟೇ ಬೇರೆ ಬಣ್ಣದ ಉಂಗುಟ ಹಾಕಿಸಿದ್ದೆ. ಅವಳು ಒಂದು ಗಳಿಗೆ ನಿಂತು, “ಥ್ಯಾಂಕ್ಯೂ ಸಾಂತಾ” ಎಂದು ಹೇಳಿ ಸಾಲಿಗೆ ಹೋದಳು.

ಸಂಜೆ ಮನೆಗೆ ಬಂದೆ. ಪಡಸಾಲೆಯಲ್ಲಿ ಅವ್ವ ಕುಳಿತಿದ್ದಳು. ಅವಳಿಗೀಗ ಎಪ್ಪತ್ತು ದಾಟಿದೆ. ರಾಟಿ ಬಿಟ್ಟು ಬಹಳ ವರ್ಷವಾದರೂ ಹೆಬ್ಬೆರಳಿನ ಗೆರೆ ಹೋಗಿಲ್ಲ. ಮಗಳು ಬಣ್ಣದ ಪೆನ್ಸಿಲುಗಳ ಪೆಟ್ಟಿಗೆಯನ್ನು ಅವಳ ಮಡಿಲಲ್ಲಿ ಇಟ್ಟು, ನಾನು ಬಂದದ್ದನ್ನು ನೋಡಿಯೂ ನೋಡದವಳಂತೆ ಹೇಳುತ್ತಿದ್ದಳು:

“ಆಯಿ, ಇವತ್ತ ನಮ್ಮ ಸಾಲಿಗೆ ಕ್ರಿಸ್ಮಸ್ ಮುತ್ಯಾ ಬಂದಿದ್ದ. ಖರೇ ಮುತ್ಯಾ!”

ಅವ್ವ ಪೆಟ್ಟಿಗೆಯನ್ನು ಹೊರಳಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದಳು: “ಹೌದನ? ಕುಂಟತಿದ್ದನ?”

ಮಗಳು ಅರೆಕ್ಷಣ ಯೋಚಿಸಿದಳು.

“ಹೂಂ ಆಯಿ. ಸ್ವಲ್ಪ ಕುಂಟತಿದ್ದ.”